ಸಾವಯವ ಜ್ಯೂಸ್: ಔಷಧದ ಉಳಿಕೆ ಕಡಿಮೆ, ಸಕ್ಕರೆ ಅಷ್ಟೇ!

ದಾಳಿಂಬೆ ದರ ಬಿದ್ದಾಗ ಜ್ಯೂಸ್ ಮಾಡಿ ಮಾರಿದ್ರೆ ಹೇಗೆ ಅನ್ನೋ ಯೋಚನೆ ಬೆಳೆಗಾರರಿಗೆ ಬರೋದು ಸಹಜ. ‘ಸಾವಯವ’ ಅಂತ ಬೋರ್ಡ್ ಹಾಕಿದರೆ ಗ್ರಾಹಕರು ಕೇಳೇ ಕೇಳ್ತಾರೆ: ಇದು ಆರೋಗ್ಯಕ್ಕೆ ನಿಜಕ್ಕೂ ಒಳ್ಳೇದಾ? ಉತ್ತರ ನಿಮಗೆ ಗೊತ್ತಿರಬೇಕು.

ಲಾಭ ಎಲ್ಲಿದೆ?

ದುಂಡಾಣು ಅಂಗಮಾರಿ, ಹಣ್ಣು ಕೊರೆಯುವ ಹುಳು ಅಂತ ದಾಳಿಂಬೆಗೆ ಸಿಂಪಡಣೆ ಜಾಸ್ತಿ. ಸಾವಯವ ಹಣ್ಣಿನಲ್ಲಿ ರಾಸಾಯನಿಕ ಔಷಧದ ಉಳಿಕೆ ಸಾಮಾನ್ಯವಾಗಿ ಕಡಿಮೆ. ಇದೇ ದೊಡ್ಡ ಲಾಭ, ಅದು ಮೊದಲು ಸಿಗೋದು ಪಂಪು ಹೊರುವ ನಿಮಗೇ. ತೊಳೆದರೆ ಹಣ್ಣಿನ ಮೇಲಿನ ಔಷಧ ಸ್ವಲ್ಪ ಹೋಗುತ್ತೆ, ಒಳಗೆ ಸೇರಿದ್ದು ಹೋಗಲ್ಲ. ಹಾಗಾಗಿ ರಾಸಾಯನಿಕ ಬಳಸುವವರು ಲೇಬಲ್‌ನಲ್ಲಿರುವ ಪ್ರಮಾಣ ಮೀರಬೇಡಿ. ಕೊನೆಯ ಸಿಂಪಡಣೆ ಆದಮೇಲೆ ಅದರಲ್ಲಿ ಹೇಳಿದಷ್ಟು ದಿನ ಬಿಟ್ಟೇ ಕೊಯ್ಲು ಮಾಡಿ.

ಎಲ್ಲಿ ವ್ಯತ್ಯಾಸ ಇಲ್ಲ?

ಸಕ್ಕರೆಯಲ್ಲಿ. 200 ಮಿ.ಲೀ. ದಾಳಿಂಬೆ ಜ್ಯೂಸ್‌ನಲ್ಲಿ ಹಣ್ಣಿನದೇ ಸಕ್ಕರೆ ಸುಮಾರು 25 ಗ್ರಾಂ ಇರುತ್ತದೆ, ಅಂದರೆ ಐದಾರು ಟೀ ಚಮಚ. ದೊಡ್ಡವರಿಗೆ ದಿನಕ್ಕೆ ಇಂಥ ಸಕ್ಕರೆ ಸುಮಾರು 50 ಗ್ರಾಂ ಮೀರಬಾರದು, 25ರೊಳಗಿದ್ದರೆ ಇನ್ನೂ ಒಳ್ಳೇದು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಸೋಸಿದಾಗ ನಾರು ಹೋಗುತ್ತೆ, ಸಕ್ಕರೆ ಬೇಗ ರಕ್ತಕ್ಕೆ ಸೇರುತ್ತೆ. ‘ಸಾವಯವ, ಶುಗರ್ ಇದ್ದವರೂ ಕುಡಿಯಬಹುದು’ ಅಂತ ಮಾತ್ರ ಹೇಳಬೇಡಿ. ಅವರಿಗೆ ಇಡೀ ಹಣ್ಣೇ ವಾಸಿ, ಅದೂ ಮಿತವಾಗಿ.

ಮರೆಯುವ ಅಪಾಯ

ಸಾವಯವ ಅಂದ ಮಾತ್ರಕ್ಕೆ ರೋಗಾಣು ಇಲ್ಲ ಅಂತಲ್ಲ. 1996ರಲ್ಲಿ ಅಮೆರಿಕ ಮತ್ತು ಕೆನಡಾದಲ್ಲಿ ಪಾಶ್ಚರೀಕರಿಸದ ಸೇಬಿನ ಜ್ಯೂಸ್ ಕುಡಿದು 60ಕ್ಕೂ ಹೆಚ್ಚು ಜನ ಇ. ಕೋಲಿ ಸೋಂಕಿಗೆ ತುತ್ತಾದರು, ಒಂದು ಮಗು ತೀರಿಕೊಂಡಿತು. ಈ ಬ್ಯಾಕ್ಟೀರಿಯಾ ದನದ ಸಗಣಿಯಲ್ಲಿ ಇರಬಹುದು. ಅದಕ್ಕೇ:

• ಕೊಯ್ಲು ಹತ್ತಿರ ಬಂದಾಗ ಜೀವಾಮೃತವನ್ನು ಹಣ್ಣಿನ ಮೇಲೆ ಸಿಂಪಡಿಸಬೇಡಿ.
• ನೆಲಕ್ಕೆ ಬಿದ್ದ, ಬಿರಿದ, ಕೊಳೆತ ಹಣ್ಣನ್ನು ಜ್ಯೂಸ್‌ಗೆ ಬಳಸಬೇಡಿ.
• ಬಿಡಿಸುವ ಮೊದಲು ಹಣ್ಣು, ಕೈ, ಮಿಕ್ಸರ್ ಎಲ್ಲವನ್ನೂ ಕುಡಿಯುವ ನೀರಿನಲ್ಲಿ ತೊಳೆಯಿರಿ.
• ತಾಜಾ ಜ್ಯೂಸ್ ಆಗಲೇ ಕೊಡಿ. ಬಾಟಲಿಗೆ ತುಂಬಿ ಮಾರುವುದಾದರೆ ಪಾಶ್ಚರೀಕರಣ ಮಾಡಿಸಿ.

‘ಸಾವಯವ’ ಅಂತ ಲೇಬಲ್ ಹಾಕಿ ಅಂಗಡಿಗೆ ಕೊಡಲು ಎನ್‌ಪಿಒಪಿ ಅಥವಾ ಪಿಜಿಎಸ್ ಪ್ರಮಾಣಪತ್ರ ಬೇಕು. ರಾಸಾಯನಿಕ ಬಿಟ್ಟ ದಿನವೇ ಅದು ಸಿಗಲ್ಲ. ಎನ್‌ಪಿಒಪಿಯಲ್ಲಿ ದಾಳಿಂಬೆಯಂಥ ಬಹುವಾರ್ಷಿಕ ಬೆಳೆಗೆ ಪರಿವರ್ತನೆಯ ಅವಧಿಯೇ ಸಾಮಾನ್ಯವಾಗಿ 3 ವರ್ಷ. ಅಷ್ಟು ಕಷ್ಟಪಟ್ಟು ಗಳಿಸಿದ ಹೆಸರನ್ನು ಒಂದು ಸುಳ್ಳು ಮಾತಿಗೆ ಕಳೆದುಕೊಳ್ಳಬೇಡಿ. ‘ಔಷಧದ ಉಳಿಕೆ ಕಡಿಮೆ, ಸಕ್ಕರೆ ಅಷ್ಟೇ, ಒಂದು ಸಣ್ಣ ಲೋಟ ಸಾಕು’ ಅಂತ ನೇರವಾಗಿ ಹೇಳಿ. ನಂಬಿಕೆ ಬಂದ ಗ್ರಾಹಕ ಹಣ್ಣನ್ನೂ ನಿಮ್ಮ ಹತ್ರಾನೇ ಕೊಳ್ತಾನೆ.