ಭುಜಕ್ಕೊಂದು ಲೆಕ್ಕ, ಕಾಲಿಗೊಂದು ಲೆಕ್ಕ



ಕಳೆದ ಮಳೆಗಾಲದಲ್ಲಿ ನಮ್ಮ ಸದಸ್ಯರೊಬ್ಬರ ತೋಟದಲ್ಲಿ ಔಷಧಿ ಹೊಡೆಯಲು ಅಡಿಕೆ ಮರವೇರಿದ್ದ ಕೊನೆಗಾರರೊಬ್ಬರು ಜಾರಿ ಬಿದ್ದರು. ಬಲ ಭುಜಕ್ಕೂ ಮೊಣಕಾಲಿಗೂ ಪೆಟ್ಟಾಯಿತು. ಮೂರು ತಿಂಗಳ ತರುವಾಯ ಫಿಸಿಯೋಥೆರಪಿಯವರು ಕೊಟ್ಟ ಚೀಟಿ ನಮ್ಮ ಕೈಸೇರಿತು. ರೋಗಿಯೇ ಉತ್ತರಿಸಿದ ಎರಡು ಪ್ರಶ್ನಾವಳಿಗಳ ಫಲಿತಾಂಶವದು: 'ಡ್ಯಾಶ್ 68, ಲೆಫ್ಸ್ 31'. ಪದವೀಧರರೆಂಬ ಹಮ್ಮಿನಲ್ಲಿ ನಾವದನ್ನು ಅಂಕಪಟ್ಟಿಯಂತೆ ಓದಿದೆವು. ಭುಜ ಪ್ರಥಮ ದರ್ಜೆ, ಕಾಲು ನಪಾಸು! ಕೂತು ಮಾಡುವ ಕೆಲಸವಿರಲೆಂದು ಅಡಿಕೆ ಸುಲಿಯಲು ಹಚ್ಚಿಸಿದೆವು.

ನಾಲ್ಕನೆಯ ದಿನ ಅವರ ಪತ್ನಿ ಮನೆಗೆ ಬಂದರು. "ಅಯ್ಯಾ, ರಾತ್ರಿಯೆಲ್ಲ ನರಳ್ತಾರೆ. ಅಂಗಿ ಸಹ ನಾನೇ ಹಾಕ್ಬೇಕು" ಎಂದರು. ನಾವು ಚೀಟಿ ಹಿಡಿದು ಪಟ್ಟಣಕ್ಕೆ ಓಡಿದೆವು.

ಅಲ್ಲಿ ತಿಳಿದದ್ದಿಷ್ಟು. ಡ್ಯಾಶ್ ಎಂಬುದು ಭುಜ, ತೋಳು, ಕೈಗಳಿಗಾಗಿ 1996ರಲ್ಲಿ ಬಂದ 30 ಪ್ರಶ್ನೆಗಳ ಪಟ್ಟಿ. ಹಿಂದಿನ ಒಂದು ವಾರದ ಕಷ್ಟವನ್ನು ಕೇಳುತ್ತದೆ. ಸೊನ್ನೆ ಎಂದರೆ ತೊಂದರೆಯಿಲ್ಲ, 100 ಎಂದರೆ ಪೂರ್ಣ ಅಸಮರ್ಥತೆ. ಲೆಫ್ಸ್ ಕಾಲಿನದು, 1999ರದು, 20 ಪ್ರಶ್ನೆ. ಅದು ಇವತ್ತಿನ ಸ್ಥಿತಿಯನ್ನು ಕೇಳುತ್ತದೆ. ಅಲ್ಲಿ 80 ಬಂದರೇ ಕಾಲು ಸರಿಯಿದ್ದಂತೆ. ಒಂದರಲ್ಲಿ ಏರಿದರೆ ಕೇಡು, ಇನ್ನೊಂದರಲ್ಲಿ ಏರಿದರೆ ಕ್ಷೇಮ. ಭುಜಕ್ಕೇ ಮೀಸಲಾದ 'ಆಕ್ಸ್‌ಫರ್ಡ್' ಪಟ್ಟಿಯ ಕಥೆ ಇನ್ನೂ ಸ್ವಾರಸ್ಯ: ಮೊದಲು 12ರಿಂದ 60ರವರೆಗೆ, ಹೆಚ್ಚಾದರೆ ಕೆಟ್ಟದ್ದು ಎಂದಿತ್ತು. ಆಮೇಲೆ ಅದನ್ನೇ ತಿರುಗಿಸಿ 0ಯಿಂದ 48, ಹೆಚ್ಚಾದರೆ ಒಳ್ಳೆಯದು ಎಂದು ಮಾಡಿದರು. ಆದ್ದರಿಂದ ಬರಿಯ ಅಂಕಿ ನೋಡಿ ಯಾರನ್ನೂ ಕೆಲಸಕ್ಕೆ ಹಚ್ಚಬೇಡಿ. ಯಾವ ಪಟ್ಟಿ, ಎಷ್ಟಕ್ಕೆ, ಯಾವ ತುದಿ ಒಳ್ಳೆಯದು ಎಂದು ಬರೆಸಿಕೊಳ್ಳಿ. ಲೆಫ್ಸ್‌ನಲ್ಲಿ 9ಕ್ಕಿಂತ ಕಡಿಮೆ ಏರಿಳಿತವಾದರೆ ಅದನ್ನು ನಿಜವಾದ ಬದಲಾವಣೆಯೆಂದು ಎಣಿಸುವುದಿಲ್ಲವಂತೆ.

ಪ್ರಶ್ನೆಗಳೂ ನಮ್ಮ ಊರಿನವಲ್ಲ. ಡ್ಯಾಶ್ ಗಾಲ್ಫ್ ಆಟವನ್ನು ಹೆಸರಿಸುತ್ತದೆ, ಲೆಫ್ಸ್ ಕಾರು ಹತ್ತಿಳಿಯುವುದನ್ನು ಕೇಳುತ್ತದೆ. ಕುಕ್ಕರಗಾಲಲ್ಲಿ ಕೂರುವುದು, ಏರುತಗ್ಗಿನ ನೆಲದಲ್ಲಿ ಓಡುವುದು ಇವೆರಡು ಕಾಫಿ ಗುಡ್ಡದವರಿಗೂ ಒಪ್ಪುತ್ತವೆ. ಕಾಲಿಗೆ ತಳೆ ಹಾಕಿ ಮರವೇರುವ ಮಾತು ಎರಡರಲ್ಲೂ ಇಲ್ಲ. ಡ್ಯಾಶ್‌ನಲ್ಲಿ ಅವರವರ ಉದ್ಯೋಗದ ಬಗ್ಗೆ ನಾಲ್ಕು ಪ್ರಶ್ನೆ ಪ್ರತ್ಯೇಕವಾಗಿವೆ. ಬೇಕಾದರೆ ಮಾತ್ರ ಕೇಳುವಂಥವು, ನಮ್ಮವರಿಗೆ ಕೇಳಿರಲಿಲ್ಲ.

ಇದಕ್ಕೆ ಪರಿಹಾರವೆಂದು ಅವರು ತೋರಿಸಿದ್ದು 1995ರ ಒಂದು ಸರಳ ಕ್ರಮ. ತನ್ನಿಂದಾಗದ ಮೂರರಿಂದ ಐದು ಕೆಲಸಗಳನ್ನು ರೋಗಿಯೇ ಹೆಸರಿಸಿ, ಒಂದೊಂದಕ್ಕೂ ಸೊನ್ನೆಯಿಂದ 10ರವರೆಗೆ ಅಂಕ ಕೊಡಬೇಕು. 10 ಎಂದರೆ ಮೊದಲಿನಂತೆ ಮಾಡಬಲ್ಲೆ ಎಂದರ್ಥ. ನಮ್ಮವರು ಮೂರು ಹೇಳಿದರು: ಮರ ಹತ್ತುವುದು 0, ಅಡಿಕೆ ಸುಲಿಯುವುದು 2, ಅಂಗಿ ತೊಡುವುದು 3. ಮೂರು ಪುಟದ ಪ್ರಶ್ನೆಗಳಿಗಿಂತ ಈ ಮೂರು ಸಾಲು ನಮಗೆ ಹೆಚ್ಚು ತಿಳಿಸಿದವು. ಅಂದೇ ಸುಲಿಯುವ ಕೆಲಸ ಬಿಡಿಸಿ, ಸಂಘದ ಉಗ್ರಾಣದಲ್ಲಿ ತೂಕದ ಲೆಕ್ಕ ಕೂಗುವ ಕೆಲಸ ಕೊಟ್ಟೆವು.

ಈ ತಿಂಗಳ ಚೀಟಿಯಲ್ಲಿ ಡ್ಯಾಶ್ 41ಕ್ಕೆ ಇಳಿದಿದೆ, ಲೆಫ್ಸ್ 52ಕ್ಕೆ ಏರಿದೆ. ಎರಡೂ ಸಂತೋಷದ ಸುದ್ದಿಯೇ. ಮರ ಹತ್ತುವುದರ ಮುಂದೆ ಮಾತ್ರ ಇನ್ನೂ 3 ಎಂದಿದೆ. ಈ ಕೊಯ್ಲಿಗೆ ಅವರನ್ನು ಮರವೇರಲು ಯಾರೂ ಕರೆಯಬಾರದಾಗಿ ವಿನಂತಿ.