ಮ್ಯಾಗ್ನೆಟ್‌ಗೆ ಅಂಟುವ ಚಾಕುವನ್ನೇ ಕೊಳ್ಳಿ

ಶಿರಸಿ ಕಡೆಯ ಓದುಗರೊಬ್ಬರಿಂದ ಪ್ರಶ್ನೆ ಬಂದಿದೆ. ತೋಟಕ್ಕೆ ಹೋಗುವಾಗ ಜೇಬಿನಲ್ಲಿರಲಿ ಎಂದು ಐನೂರು ರೂಪಾಯಿಯೊಳಗಿನ ಮಡಚುವ ಚಾಕುವೊಂದನ್ನು ಆನ್‌ಲೈನಿನಲ್ಲಿ ತರಿಸಿದ್ದಾರೆ. ಅಲಗಿನ ಮೇಲೆ ‘ಸ್ಟೇನ್‌ಲೆಸ್’ ಎಂಬ ಅಚ್ಚಿದೆ. ಪೇಟೆಯ ಪಾತ್ರೆ ಅಂಗಡಿಯವರು ಅದಕ್ಕೊಂದು ಮ್ಯಾಗ್ನೆಟ್ ಹಿಡಿದರಂತೆ, ಟಪ್ಪನೆ ಅಂಟಿಕೊಂಡಿತಂತೆ. “ಇದು ಅಸಲಿ ಸ್ಟೀಲಲ್ಲ ಮಾರಾಯ್ರೇ, ವಾಪಸ್ ಕಳಿಸಿ” ಎಂಬ ತೀರ್ಪೂ ಸಿಕ್ಕಿತಂತೆ. ಕಳಿಸಬೇಕೇ, ಬೇಡವೇ?

ಆ ಕಾರಣಕ್ಕಾಗಿಯಂತೂ ಕಳಿಸಬೇಡಿ. ಮ್ಯಾಗ್ನೆಟ್ ಅಂಟದೇ ಹೋಗಿದ್ದರೆ ಆಗ ಕಳಿಸಬೇಕಿತ್ತು. ಈ ಪ್ರಶ್ನೆ ನನಗೆ ಬಹಳ ಖುಷಿ ಕೊಟ್ಟಿತು. ಪಾತ್ರೆ ಅಂಗಡಿಯ ಆ ಪರೀಕ್ಷೆಯ ಹಿಂದೆ ಉಕ್ಕಿನ ಅತ್ಯಂತ ಸೊಗಸಾದ ಗುಟ್ಟೊಂದಿದೆ. ನಮ್ಮಲ್ಲಿ ಬಹಳ ಮಂದಿ ಅದನ್ನು ತಲೆಕೆಳಗಾಗಿ ತಿಳಿದುಕೊಂಡಿದ್ದಾರೆ.

ಮೊದಲು ಸ್ವಲ್ಪ ಇತಿಹಾಸ. 1913ರಲ್ಲಿ ಇಂಗ್ಲೆಂಡಿನ ಶೆಫೀಲ್ಡ್ ಎಂಬ ಉಕ್ಕಿನೂರಿನಲ್ಲಿ ಹ್ಯಾರಿ ಬ್ರಿಯರ್ಲಿ ಎಂಬ ಲೋಹತಜ್ಞರು ಬಂದೂಕಿನ ನಳಿಗೆ ಬೇಗ ಸವೆಯದಂಥ ಉಕ್ಕನ್ನು ಹುಡುಕುತ್ತಿದ್ದರು. ಸುಮಾರು 12.8 ಶೇಕಡಾ ಕ್ರೋಮಿಯಂ, 0.24 ಶೇಕಡಾ ಇಂಗಾಲ ಬೆರೆತ ಒಂದು ಉಕ್ಕು ಅವರಿಗೆ ಒಲಿಯಿತು. ಅದು ತುಕ್ಕು ಹಿಡಿಯುವುದಿಲ್ಲ ಎಂದು ಗೊತ್ತಾದಾಗ ಅವರಿಗೆ ಹೊಳೆದದ್ದು ಊಟದ ಮೇಜಿನ ಚಾಕು. ಶೆಫೀಲ್ಡ್ ಹೇಳಿಕೇಳಿ ಚಾಕು ಮಾಡುವವರ ಊರು. ಆ ಬ್ರಿಯರ್ಲಿ ಉಕ್ಕು ಮ್ಯಾಗ್ನೆಟ್‌ಗೆ ಚೆನ್ನಾಗಿಯೇ ಅಂಟುವಂಥದ್ದು! ಅದೇ ಆಸುಪಾಸಿನಲ್ಲಿ ಜರ್ಮನಿಯ ಕ್ರುಪ್ ಕಾರ್ಖಾನೆಯವರು ನಿಕ್ಕಲ್ ಬೆರೆಸಿ ಇನ್ನೊಂದು ಬಗೆಯ ತುಕ್ಕುರಹಿತ ಉಕ್ಕನ್ನು ಮಾಡಿದರು. ಅದರ ವಂಶವೇ ನಮ್ಮ ಅಡುಗೆಮನೆಯ ‘18/8’, ಅಂದರೆ 18 ಶೇಕಡಾ ಕ್ರೋಮಿಯಂ, 8 ಶೇಕಡಾ ನಿಕ್ಕಲ್. ಮ್ಯಾಗ್ನೆಟ್‌ಗೆ ಅಂಟದಿರುವುದು ಇದು. ಲೋಟ, ತಟ್ಟೆ, ಡಬ್ಬಿಗಳ ಗುಣವನ್ನು ಚಾಕುವಿಗೂ ಹೊರಿಸಿದ್ದರಿಂದ ಈ ಗೊಂದಲ ಹುಟ್ಟಿತು.

ಈಗ ಗುಟ್ಟಿಗೆ ಬರೋಣ. ತಣ್ಣಗಿರುವ ಕಬ್ಬಿಣದಲ್ಲಿ ಪರಮಾಣುಗಳು ಪುಟ್ಟ ಘನಾಕೃತಿಯ ಎಂಟು ಮೂಲೆಗಳಲ್ಲೂ ನಟ್ಟನಡುವೆಯೂ ಕೂತಿರುತ್ತವೆ. ಈ ಜೋಡಣೆ ಮ್ಯಾಗ್ನೆಟ್‌ಗೆ ಅಂಟುತ್ತದೆ. ಸುಮಾರು 912 ಡಿಗ್ರಿ ಸೆಲ್ಸಿಯಸ್ ದಾಟಿಸಿ ಕಾಯಿಸಿದರೆ, ಗಟ್ಟಿಯಾಗಿರುವಾಗಲೇ ಪರಮಾಣುಗಳು ಜಾಗ ಬದಲಿಸುತ್ತವೆ: ನಡುವೆ ಕೂತದ್ದು ಮಾಯವಾಗಿ, ಘನದ ಆರೂ ಮುಖಗಳ ಮಧ್ಯಕ್ಕೆ ಒಂದೊಂದು ಬರುತ್ತದೆ. ಈ ಬಿಸಿ ಜೋಡಣೆ ಮ್ಯಾಗ್ನೆಟ್‌ಗೆ ಅಂಟುವುದಿಲ್ಲ, ಆದರೆ ಇಂಗಾಲವನ್ನು ಧಾರಾಳವಾಗಿ ಒಳಗೆ ಸೇರಿಸಿಕೊಳ್ಳುತ್ತದೆ. ಉಕ್ಕಿಗೆ ಸಾಕಷ್ಟು ನಿಕ್ಕಲ್ ಬೆರೆಸಿದರೆ ಇದೇ ಜೋಡಣೆ ತಣ್ಣಗಾದ ಮೇಲೂ ಹಾಗೆಯೇ ಉಳಿದುಬಿಡುತ್ತದೆ. ನೀವು ನೀರು ಕುಡಿಯುವ ಸ್ಟೀಲ್ ಲೋಟದಲ್ಲಿ ಪರಮಾಣುಗಳು ಕೂತಿರುವುದು ಕುಲುಮೆಯೊಳಗಿನ ಕೆಂಡದುಕ್ಕಿನಲ್ಲಿ ಕೂರುವ ಹಾಗೆಯೇ!

ಚಾಕುವಿನ ಉಕ್ಕಿನಲ್ಲಿ ಕ್ರೋಮಿಯಂ ಉಂಟು, ಇಂಗಾಲ ಉಂಟು, ನಿಕ್ಕಲ್ ಇಲ್ಲವೆಂದೇ ಹೇಳಬೇಕು. ಅದನ್ನು ಸಾವಿರ ಡಿಗ್ರಿಗೂ ಮಿಗಿಲಾಗಿ ಕಾಯಿಸಿದಾಗ ಅದೂ ಲೋಟದ ಜೋಡಣೆಗೇ ಬರುತ್ತದೆ, ಇಂಗಾಲವನ್ನು ಒಳಗೆ ಕರಗಿಸಿಕೊಳ್ಳುತ್ತದೆ. ಆಗ ಥಟ್ಟನೆ ತಣಿಸಬೇಕು. ಪರಮಾಣುಗಳು ಹಳೆಯ ಜಾಗಕ್ಕೆ ಮರಳಲು ಹೊರಡುತ್ತವೆ. ಒಳಗೆ ಸಿಕ್ಕಿಬಿದ್ದ ಇಂಗಾಲಕ್ಕೆ ಹೊರಬರಲು ಹೊತ್ತೇ ಇರುವುದಿಲ್ಲ. ಘನಾಕೃತಿ ಒಂದು ಕಡೆಗೆ ಎಳೆದುಕೊಂಡು, ಇಡೀ ಉಕ್ಕು ಒಳಗೊಳಗೇ ಬಿಗಿದು ನಿಲ್ಲುತ್ತದೆ. ಹೀಗೆ ಬಿಗಿದ ಜೋಡಣೆಗೆ ಮಾರ್ಟೆನ್ಸೈಟ್ ಎಂದು ಹೆಸರು. ಅಲಗಿನ ಗಡಸುತನವೆಲ್ಲ ಬರುವುದು ಇದರಿಂದ. ಮಾರ್ಟೆನ್ಸೈಟ್ ಮ್ಯಾಗ್ನೆಟ್‌ಗೆ ಅಂಟುತ್ತದೆ. ನಿಕ್ಕಲ್ ಹಿಡಿದಿಟ್ಟ ಲೋಟದ ಉಕ್ಕು ಆ ಬಿಸಿ ಜೋಡಣೆಯನ್ನು ಬಿಟ್ಟು ಕದಲುವುದಿಲ್ಲವಾದ್ದರಿಂದ ಎಷ್ಟು ಕಾಯಿಸಿ ಎಷ್ಟು ತಣಿಸಿದರೂ ಗಡಸಾಗುವುದಿಲ್ಲ. ಅದರಿಂದ ಮಾಡಿದ ಅಲಗು ಫಳಫಳ ಹೊಳೆದೀತು, ಆದರೆ ನಾಲ್ಕು ಹಗ್ಗ ಕೊಯ್ಯುವುದರೊಳಗೆ ಬಾಯಿ ಮಡಚಿಕೊಂಡೀತು.

ಇದನ್ನು ಮನೆಯಲ್ಲೇ ನೋಡಬಹುದು. ಹಳೆಯ ಸ್ಪೀಕರಿನಿಂದ ಬಿಚ್ಚಿದ ಮ್ಯಾಗ್ನೆಟ್ ಒಂದು ನನ್ನ ಮೇಜಿನ ಮೇಲೆ ಸದಾ ಇರುತ್ತದೆ. ಒಳ್ಳೆಯ ಚಮಚ, ಚಾಕು, ಫೋರ್ಕುಗಳ ಸೆಟ್ಟು ತೆಗೆದು ಒಂದೊಂದಕ್ಕೇ ಹಿಡಿದು ನೋಡಿದೆ: ಚಮಚ ಅಂಟಲಿಲ್ಲ, ಫೋರ್ಕ್ ಅಂಟಲಿಲ್ಲ, ಚಾಕು ಮಾತ್ರ ಹಾರಿ ಬಂತು. ಒಂದೇ ಡಬ್ಬಿಯಲ್ಲಿ ಬಂದ ಒಂದೇ ಹೊಳಪಿನ ಸಾಮಾನುಗಳು, ಉಕ್ಕು ಮಾತ್ರ ಬೇರೆಬೇರೆ. ಲೋಟದ ಕಂಠದಲ್ಲಿ, ಸಿಂಕಿನ ಮೂಲೆಯಲ್ಲಿ ಮ್ಯಾಗ್ನೆಟ್ ಸ್ವಲ್ಪವೇ ಎಳೆದಂತಾಗುತ್ತದೆ. ಅಲ್ಲಿ ಯಂತ್ರ ತಗಡನ್ನು ಬಲವಾಗಿ ಬಗ್ಗಿಸಿದೆ. ಬಗ್ಗಿದ ಜಾಗದಲ್ಲಿ ಒಂದಿಷ್ಟು ಉಕ್ಕು ಮಾರ್ಟೆನ್ಸೈಟಿಗೆ ತಿರುಗಿರುತ್ತದೆ. ಪಾತ್ರೆಗೂ ಈ ಪರೀಕ್ಷೆ ಪೂರ್ತಿ ನಂಬತಕ್ಕದ್ದಲ್ಲ. ನಿಕ್ಕಲ್ ಕಡಿಮೆ ಮಾಡಿ ಮ್ಯಾಂಗನೀಸ್ ತುಂಬಿದ ಅಗ್ಗದ ಉಕ್ಕೂ ಮ್ಯಾಗ್ನೆಟ್‌ಗೆ ಅಂಟುವುದಿಲ್ಲ, ಆದರೆ 18/8ರಷ್ಟು ಚೆನ್ನಾಗಿ ತುಕ್ಕು ತಡೆಯುವುದೂ ಇಲ್ಲ.

ಮ್ಯಾಗ್ನೆಟ್ ಅಂಟಿತೆಂದರೆ ಚಾಕು ಒಳ್ಳೆಯದೆಂದು ಅರ್ಥವಲ್ಲ. ಗಡಸಾಗಬಲ್ಲ ಉಕ್ಕು ಇದ್ದೀತು ಎಂದಷ್ಟೇ ಅರ್ಥ. ನಿಜವಾಗಿ ಗಡಸಾಗಿದೆಯೇ ಎಂಬುದು ಹದದ ಮಾತು. ಇದನ್ನು ಅಳೆಯಲು ರಾಕ್‌ವೆಲ್ ಮಾಪನವಿದೆ: ವಜ್ರದ ಮೊನೆಯನ್ನು 150 ಕಿಲೋ ಭಾರ ಹಾಕಿ ಉಕ್ಕಿನೊಳಗೆ ಒತ್ತಿ, ಎಷ್ಟು ಆಳ ಇಳಿಯಿತೆಂದು ನೋಡುತ್ತಾರೆ. ಜೇಬಿನ ಚಾಕುವಿಗೆ 56ರಿಂದ 60 ಒಳ್ಳೆಯ ಅಂಕ. ಸ್ವಿಟ್ಜರ್ಲೆಂಡಿನ ವಿಕ್ಟೋರಿನಾಕ್ಸ್ ತನ್ನ ಅಲಗಿಗೆ 56 ಎಂದು ಬಹಿರಂಗವಾಗಿ ಹೇಳಿಕೊಳ್ಳುತ್ತದೆ. ದೊಡ್ಡ ಅಂಕವೇನಲ್ಲ, ಆದರೆ ಹೇಳಿದ್ದನ್ನು ಪ್ರತಿ ಚಾಕುವಿನಲ್ಲೂ ಕೊಡುತ್ತದೆ, ಸಾಣೆಯೂ ಸಲೀಸು. ದುಬಾರಿ ಉಕ್ಕಿಗೆ ಕೆಟ್ಟ ಹದ ಕೊಟ್ಟರೆ ಸಾಧಾರಣ ಉಕ್ಕಿನ ಒಳ್ಳೆಯ ಹದದ ಮುಂದೆ ಅದು ಸೋಲುತ್ತದೆ. ನಮ್ಮ ಕಮ್ಮಾರರು ಕೆಂಡದ ಬಣ್ಣ ನೋಡಿ ಹದ ಹಿಡಿಯುವುದನ್ನು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಅಗ್ಗದ ಚಾಕುವಿನ ಅಲಗಿನ ಮೇಲೆ ಇಷ್ಟುದ್ದ ಬಿರುದಾವಳಿ ಇರುತ್ತದೆ. ‘440’ ಎಂದು ಬರೆದು ಮುಂದಿನ ಅಕ್ಷರ ಬಿಟ್ಟಿದ್ದರೆ ಎಚ್ಚರವಿರಲಿ: 440ಎ, 440ಬಿ, 440ಸಿ ಮೂರು ಬೇರೆ ಉಕ್ಕುಗಳು, ಇಂಗಾಲ ಏರುತ್ತ ಹೋಗಿ ‘ಸಿ’ಯಲ್ಲಿ ಒಂದು ಶೇಕಡಾ ಮುಟ್ಟುತ್ತದೆ. ‘ಸರ್ಜಿಕಲ್ ಸ್ಟೀಲ್’ ಎಂಬುದಕ್ಕೆ ಖಚಿತ ಅರ್ಥವೇ ಇಲ್ಲ. ಶಸ್ತ್ರಚಿಕಿತ್ಸೆಯ ಕತ್ತರಿಗೆ ಬಳಸುವ ಗಡಸು ಉಕ್ಕಿಗೂ, ದೇಹದೊಳಗೆ ಕೂರಿಸುವ ಗಡಸಾಗದ 316ಕ್ಕೂ ಅದೇ ಹೆಸರು ಹೇಳುತ್ತಾರೆ. ಇನ್ನು ‘ಡಮಾಸ್ಕಸ್’, ಹಳೆಯ ಕಾಲದ ಗೆರೆಗೆರೆಯ ಅಲಗುಗಳ ಹೆಸರು. ದಕ್ಷಿಣ ಭಾರತದ ಮೂಸೆಗಳಲ್ಲಿ ಕರಗಿಸಿದ ಉಕ್ಕಿನ ಅಲಗುಗಳಲ್ಲಿ ನೀರಿನ ಅಲೆಯಂಥ ಗೆರೆಗಳು ತಾವಾಗಿ ಮೂಡುತ್ತಿದ್ದವು. 1800-01ರಲ್ಲಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್ ಇಲ್ಲಿ ಉಕ್ಕು ಮಾಡುವ ಕೆಲಸವನ್ನು ಕಂಡು ವಿವರವಾಗಿ ಬರೆದಿಟ್ಟಿದ್ದಾರೆ. ಅಂಥ ವಿದ್ಯೆಯ ಗೆರೆಗಳನ್ನು ಇವತ್ತು ನಾನ್ನೂರು ರೂಪಾಯಿಯ ಚಾಕುವಿನ ಮೇಲೆ ಲೇಸರಿನಿಂದ ಬರೆದು ಮಾರುವುದನ್ನು ಕಂಡರೆ ನನಗೆ ಸಂಕಟವಾಗುತ್ತದೆ. ನಯವಾದ ಉಪ್ಪು ಕಾಗದದಿಂದ ಮೂಲೆಯೊಂದನ್ನು ಉಜ್ಜಿ ನೋಡಿ. ಬರೆದ ಗೆರೆ ಅಳಿಸಿ ಹೋದರೆ ಮತ್ತೆ ಬರುವುದಿಲ್ಲ. ಈಗ ಆ ಹೆಸರಿನಲ್ಲಿ ನಿಜವಾಗಿ ಪದರ ಕೂಡಿಸಿ ಬಡಿದು ಮಾಡುವ ಅಲಗಿನಲ್ಲಾದರೆ ಆಮ್ಲ ಸವರಿದಾಗ ಗೆರೆಗಳು ಪುನಃ ಏಳುತ್ತವೆ.

ಹದವನ್ನು ಮನೆಯಲ್ಲಿ ಅಂದಾಜು ಮಾಡಲು ಒಂದು ದಾರಿ ಇದೆ. ಚಾಕುವಿನಿಂದ ದಪ್ಪ ರಟ್ಟಿನ ಪೆಟ್ಟಿಗೆಯೊಂದನ್ನು ಪೂರ್ತಿ ಪಟ್ಟಿಪಟ್ಟಿಯಾಗಿ ಕೊಯ್ಯಿರಿ. ಆಮೇಲೆ ಅಲಗಿನ ಬಾಯಿ ಮೇಲೆ ಮಾಡಿ ದೀಪದ ಕೆಳಗೆ ಹಿಡಿಯಿರಿ. ಹರಿತವಾದ ಬಾಯಿ ಕಣ್ಣಿಗೆ ಕಾಣುವುದೇ ಇಲ್ಲ, ಬೆಳಕು ಹಿಂದಕ್ಕೆ ಚಿಮ್ಮಲು ಅಲ್ಲಿ ಜಾಗವೇ ಇರುವುದಿಲ್ಲ. ಎಲ್ಲೆಲ್ಲಿ ಬಿಳಿಯ ಚುಕ್ಕೆ, ಗೆರೆ ಮಿಂಚುತ್ತದೋ ಅಲ್ಲೆಲ್ಲ ಬಾಯಿ ಮಡಚಿದೆ ಅಥವಾ ಚಪ್ಪಟೆಯಾಗಿದೆ. ಒಂದೇ ಪೆಟ್ಟಿಗೆಗೆ ಇಡೀ ಬಾಯಿ ಮಿಂಚತೊಡಗಿದರೆ ಅಲಗಿನ ಮೇಲೆ ಏನು ಬರೆದಿದ್ದರೂ ಹದ ಸಾಲದು.

ಇನ್ನು ವಿನ್ಯಾಸ. ಮಡಚುವ ಚಾಕುವಿನ ಜೀವ ಕೀಲಿನಲ್ಲಿದೆ, ನಿಮ್ಮ ಬೆರಳಿನ ಜೀವವೂ ಅಲ್ಲೇ ಇದೆ. ಬಿಚ್ಚಿದ ಅಲಗು ಮಡಚದಂತೆ ತಡೆಯುವ ಬೀಗಗಳಲ್ಲಿ ಈಗ ಅಗ್ಗದಲ್ಲಿ ಹೆಚ್ಚು ಸಿಗುವುದು ಲೈನರ್ ಲಾಕ್. ಇದರ ಇಂದಿನ ರೂಪವನ್ನು ರೂಢಿಗೆ ತಂದವರು ಅಮೆರಿಕದ ಚಾಕು ಕುಶಲಕರ್ಮಿ ಮೈಕೆಲ್ ವಾಕರ್, 1980ರ ದಶಕದಲ್ಲಿ. ಹಿಡಿಯೊಳಗಿನ ತೆಳು ತಗಡಿನ ಸ್ಪ್ರಿಂಗು ಅಲಗು ಬಿಚ್ಚಿದೊಡನೆ ಪಕ್ಕಕ್ಕೆ ಜಿಗಿದು ಅಲಗಿನ ಬುಡಕ್ಕೆ ಒತ್ತಿ ನಿಲ್ಲುತ್ತದೆ, ಇಳಿಜಾರಿನ ಬಂಡಿಯ ಗಾಲಿಗೆ ಕಲ್ಲು ಕೊಟ್ಟ ಹಾಗೆ. ಬುಡವನ್ನು ಸುಮಾರು ಏಳೆಂಟು ಡಿಗ್ರಿ ಓರೆಯಾಗಿ ಉಜ್ಜಿರುತ್ತಾರೆ. ಓರೆ ಇಷ್ಟೇ ಇದ್ದರೆ ಉಕ್ಕಿಗೆ ಉಕ್ಕು ತಿಕ್ಕುವ ಘರ್ಷಣೆಯೇ ತಗಡನ್ನು ಹಿಡಿದಿಡುತ್ತದೆ. ಸವೆದರೂ ತಗಡು ಇನ್ನೊಂದಿಷ್ಟು ಒಳಸರಿದು ಬಿಗಿ ಉಳಿಸಿಕೊಳ್ಳುತ್ತದೆ. ಓರೆ ಹೆಚ್ಚಾದರೆ ಒತ್ತಡ ಬಿದ್ದಾಗ ತಗಡು ಜಾರಿ, ಅಲಗು ಬೆರಳ ಮೇಲೆ ಮಡಚಿಕೊಳ್ಳುತ್ತದೆ. ಎಣ್ಣೆಯನ್ನು ಕೀಲಿನ ತಿರುಪಿಗೆ ಬಿಡಿ, ಆ ಒತ್ತುಮುಖಕ್ಕೆ ಎಂದೂ ಸವರಬೇಡಿ.

ಎರಡು ಡಿಗ್ರಿ ತಪ್ಪಿದರೆ ಕೆಡುವ ಇಂಥ ಬೀಗವನ್ನು ಕಡಿಮೆ ಬೆಲೆಗೆ ಮಾಡುವುದು ಕಷ್ಟ. ನಾನು ತರಿಸಿದ ಅಗ್ಗದ ಚಾಕುವೊಂದರಲ್ಲಿ ಅಲಗಿನ ಬೆನ್ನನ್ನು ಹೆಬ್ಬೆರಳಿನಿಂದ ಒತ್ತಿದರೆ ಸಾಕು, ಬೀಗ ಕಳಚುತ್ತಿತ್ತು. ಹಿಡಿಯ ಮೇಲೆ ಮಾತ್ರ ಹೆಡೆಯೆತ್ತಿದ ಹಾವಿನ ಕೆತ್ತನೆ! ಹಾವಿಗೆ ಕೊಟ್ಟ ದುಡ್ಡು ಬೀಗಕ್ಕೆ ಸಿಗಲಿಲ್ಲ. ಬೆಲೆ ಕಡಿಮೆಯಿದ್ದಷ್ಟೂ ವಿನ್ಯಾಸ ಸರಳವಿರಬೇಕು, ಸಣ್ಣ ತಪ್ಪನ್ನು ಸಹಿಸುವಂತಿರಬೇಕು ಎಂಬುದು ನನ್ನ ಗಟ್ಟಿ ನಂಬಿಕೆ.

ಇದಕ್ಕೆ ನನಗೆ ಅಚ್ಚುಮೆಚ್ಚಿನ ಉದಾಹರಣೆ ಫ್ರಾನ್ಸಿನ ಒಪಿನೆಲ್. 1890ರಲ್ಲಿ ಸವಾಯ್ ಎಂಬ ಬೆಟ್ಟಸೀಮೆಯಲ್ಲಿ ಜೋಸೆಫ್ ಒಪಿನೆಲ್ ರೈತರ ಜೇಬಿಗೆಂದು ಮಾಡಿದ ಚಾಕು ಇದು. ಬೀಚ್ ಮರದ ಹಿಡಿ, ಅಲಗು, ಒಂದು ಪಟ್ಟಿ, ಒಂದು ರಿವೆಟ್ಟು, ಇಷ್ಟೇ. 1955ರಲ್ಲಿ ಮಾರ್ಸೆಲ್ ಒಪಿನೆಲ್ ಇದಕ್ಕೆ ತಿರುಗುವ ಉಂಗುರವೊಂದನ್ನು ಸೇರಿಸಿದರು. ಉಂಗುರ ತಿರುಗಿಸಿದರೆ ಅದರ ಸೀಳು ಪಕ್ಕಕ್ಕೆ ಹೋಗಿ, ಲೋಹದ ಅಂಚು ಅಲಗಿನ ಬುಡಕ್ಕೆ ಅಡ್ಡ ನಿಲ್ಲುತ್ತದೆ. ಡಿಗ್ರಿಗಳ ಸೂಕ್ಷ್ಮಕ್ಕೆ ಅದು ಜೋತುಬಿದ್ದಿಲ್ಲ. ಕೊರತೆಗಳೂ ಇವೆ. ನಮ್ಮ ಮಲೆನಾಡಿನ ಮಳೆಗಾಲದಲ್ಲಿ ಮರ ಉಬ್ಬಿ ಅಲಗು ಬಿಚ್ಚುವುದೇ ಕಷ್ಟ, ಒಣಗಿಸಿದರೆ ಸಡಿಲವಾಗುತ್ತದೆ. ಇಂಗಾಲದುಕ್ಕಿನ ಅಲಗು ಕೊಂಡರೆ ಬಾಳೆಕಾಯಿ, ಮಾವಿನಕಾಯಿ ಕೊಯ್ದಾಗ ಕಪ್ಪಾಗುತ್ತದೆ. ಆ ಕಪ್ಪು ವಿಷವಲ್ಲ, ಕಾಯಿಯ ಒಗರು ಮತ್ತು ಹುಳಿ ಕಬ್ಬಿಣದೊಡನೆ ಕೂಡಿ ಆದದ್ದು. ಒರೆಸಿಟ್ಟರೆ ಅದೇ ಪದರ ತುಕ್ಕನ್ನು ತಕ್ಕಮಟ್ಟಿಗೆ ತಡೆಯುತ್ತದೆ.

ಕೊಂಡ ಚಾಕುವಿನ ಬೀಗವನ್ನು ಬಳಸುವ ಮೊದಲೇ ಪರೀಕ್ಷಿಸಿ. ಬೆರಳುಗಳು ಅಲಗಿನ ದಾರಿಯಲ್ಲಿ ಇರದಂತೆ ಹಿಡಿಯ ಎರಡು ಪಕ್ಕಗಳನ್ನಷ್ಟೇ ಹಿಡಿದು, ಅಲಗಿನ ಬೆನ್ನನ್ನು ಮೇಜಿನ ಅಂಚಿಗೆ ನಿಧಾನವಾಗಿ ಒತ್ತಿ. ಕಳಚಿದರೆ ವಾಪಸ್ ಕಳಿಸಿ. ಬಿಚ್ಚಿದ ಅಲಗನ್ನು ಎಡಕ್ಕೂ ಬಲಕ್ಕೂ ಅಲುಗಿಸಿ. ಅಲುಗಾಟ ತಿರುಪು ಬಿಗಿದ ಮೇಲೂ ನಿಲ್ಲದಿದ್ದರೆ ಕೀಲೇ ಸರಿಯಿಲ್ಲ. ಮಡಚಿದಾಗ ಅಲಗು ಹಿಡಿಯ ನಡುವೆ ಬರಬೇಕು, ಒಂದು ಪಕ್ಕಕ್ಕೆ ಉಜ್ಜಬಾರದು.

    

ಕೊನೆಯದು ತಯಾರಕರ ಮೇಲಿನ ನಂಬಿಕೆ. ಅಗ್ಗದ ಮಡಚುವ ಚಾಕುಗಳು ದಂಡಿಯಾಗಿ ಬರುವುದು ಚೀನಾದ ಗ್ವಾಂಗ್‌ಡಾಂಗ್ ಪ್ರಾಂತ್ಯದ ಯಾಂಗ್‌ಜಿಯಾಂಗ್‌ನಿಂದ. ಅಲ್ಲಿ ಒಳ್ಳೆಯ ಹದದ, ನ್ಯಾಯವಾದ ಬೆಲೆಯ ಚಾಕುಗಳೂ ತಯಾರಾಗುತ್ತವೆ. ಹಾಗಾಗಿ ದೇಶದ ಹೆಸರು ನೋಡಿ ಮೂಗು ಮುರಿಯುವುದು ತಪ್ಪು. ನಾನು ನೋಡುವುದು ಬೇರೆಯದನ್ನು: ತಯಾರಕ ತನ್ನದೇ ಮುದ್ರೆ ಹಾಕಿದ್ದಾನೆಯೇ, ಇಲ್ಲ ಬೇರೆಯವರ ಮುದ್ರೆಯನ್ನೋ ವಿನ್ಯಾಸವನ್ನೋ ಕದ್ದಿದ್ದಾನೆಯೇ? ಕದ್ದ ಮುದ್ರೆ ಒತ್ತಿದ ಕೈಯೇ ಉಕ್ಕಿನ ಹೆಸರನ್ನೂ ಒತ್ತುತ್ತದೆ. ಒಂದು ಸುಳ್ಳಾದರೆ ಇನ್ನೊಂದನ್ನು ಏಕೆ ನಂಬಬೇಕು? ಫ್ರಾನ್ಸಿನ ದೊರೆ ಒಂಬತ್ತನೇ ಶಾರ್ಲ್ 1565ರಲ್ಲೇ ಚಾಕು ಮಾಡುವ ಪ್ರತಿಯೊಬ್ಬ ಕುಶಲಕರ್ಮಿಯೂ ತನ್ನ ಗುರುತನ್ನು ಒತ್ತಬೇಕೆಂದು ಆಜ್ಞೆ ಮಾಡಿದ್ದ. ಒಪಿನೆಲ್ ಅಲಗಿನ ಕಿರೀಟ ತೊಟ್ಟ ಹಸ್ತ ಆ ಪದ್ಧತಿಯನ್ನೇ ನೆನೆದು ಬಂದದ್ದು. ಕೆಟ್ಟ ಚಾಕು ಮಾಡಿದವರು ಯಾರೆಂದು ಎಲ್ಲರಿಗೂ ಗೊತ್ತಾಗಬೇಕು ಎಂಬುದೇ ಅದರ ತಾತ್ಪರ್ಯ.

ಇಂದಿನ ಮಾರಾಟಗಾರರಿಂದ ನಾವು ಕೇಳಬೇಕಾದದ್ದೂ ಇಷ್ಟೇ: ಉಕ್ಕಿನ ಪೂರ್ತಿ ಹೆಸರು, ಗಡಸುತನದ ಅಂಕಿ, ಮಾಡಿದವರ ಗುರುತು. ಶಿರಸಿಯ ಓದುಗರು ಬೀಗ ಒತ್ತಿ ನೋಡಲಿ, ರಟ್ಟು ಕೊಯ್ದು ನೋಡಲಿ. ಎರಡರಲ್ಲೂ ಗೆದ್ದರೆ ಚಾಕುವನ್ನು ಇಟ್ಟುಕೊಳ್ಳಲಿ. ಸೋತರೆ ವಾಪಸ್ ಕಳಿಸಿ, ಕಾರಣದ ಕಾಲಮ್ಮಿನಲ್ಲಿ ‘ಬೀಗ ಜಾರುತ್ತದೆ’, ‘ಹದ ಸಾಲದು’ ಎಂದು ಬಿಡಿಸಿ ಬರೆಯಲಿ. ಕೊಳ್ಳುವವರು ಹೀಗೆ ಕಾರಣ ಹೇಳಿ ತಿರಸ್ಕರಿಸತೊಡಗಿದರೆ ಅಗ್ಗದ ಚಾಕುವಿನ ಮೇಲಿನ ಹಾವುಗಳು ಕಡಿಮೆಯಾಗಿ ಒಳಗಿನ ಬೀಗಗಳು ಗಟ್ಟಿಯಾಗುತ್ತವೆ.