ಥ್ಯಾಚರ್ ಬಂದಿಳಿದ ಕಾರು ಯಾರದ್ದು?

1979ರ ಮೇ 4. ಬ್ರಿಟನ್ನಿನ ಮೊದಲ ಮಹಿಳಾ ಪ್ರಧಾನಿ ಮಾರ್ಗರೆಟ್ ಥ್ಯಾಚರ್ ಲಂಡನ್ನಿನ ಡೌನಿಂಗ್ ಸ್ಟ್ರೀಟಿಗೆ ಬಂದ ದಿನ. ಆ ದಿನದ ವಿಡಿಯೋ ನೋಡುವವರೆಲ್ಲ ಅವರನ್ನೇ ನೋಡ್ತಾರೆ. ನನ್ನ ಕಣ್ಣು ಮಾತ್ರ ಅವರು ಬಂದ ಕಾರಿನ ಮೇಲೆ ನಿಲ್ಲುತ್ತೆ. ಅದು ರೋವರ್ ಪಿ5ಬಿ. ಮುಂದೆ ಸರ್ಕಾರಿ ಸ್ವತ್ತುಗಳ ಮಾರಾಟಕ್ಕೇ ಹೆಸರಾದ ನಾಯಕಿ ಅಧಿಕಾರಕ್ಕೆ ಬಂದಿದ್ದು ಸರ್ಕಾರಿ ಒಡೆತನದ ಕಂಪನಿಯ ಕಾರಿನಲ್ಲಿ!

ಕಾರಿನ ಬಗ್ಗೆ ಎರಡು ಮಾತು. ಪಿ5 ಮಾದರಿ ಬಂದಿದ್ದು 1958ರಲ್ಲಿ. 1967ರಲ್ಲಿ ಅದಕ್ಕೆ ಮೂರೂವರೆ ಲೀಟರಿನ ವಿ8 ಎಂಜಿನ್ ಹಾಕಿದರು. ಅದರ ಮೂಲ ವಿನ್ಯಾಸ ಅಮೆರಿಕದ ಬ್ಯೂಕ್ ಕಂಪನಿಯದ್ದು. ಹೆಸರಿನ ಕೊನೆಯ 'ಬಿ' ಬಂದಿದ್ದು ಅಲ್ಲಿಂದಲೇ. ಒಳಗೆ ಚರ್ಮದ ಸೀಟು, ಮರದ ಡ್ಯಾಶ್‌ಬೋರ್ಡ್. ಐಷಾರಾಮಿ ಹೌದು, ಆದರೆ ರೋಲ್ಸ್ ರಾಯ್ಸ್‌ನಷ್ಟು ಆಡಂಬರವಿಲ್ಲ. ಮತ ಕೇಳಿ ಗೆದ್ದು ಬಂದವರಿಗೆ ಇದು ಹೇಳಿ ಮಾಡಿಸಿದ ಕಾರು. ವಿಲ್ಸನ್, ಹೀತ್, ಕ್ಯಾಲಹನ್, ಥ್ಯಾಚರ್ ಎಲ್ಲರೂ ಇದರಲ್ಲಿ ಓಡಾಡಿದರು. ರಾಣಿ ಎಲಿಜಬೆತ್ ಹತ್ತಿರವೂ ಒಂದಿತ್ತು. 1973ರಲ್ಲಿ ತಯಾರಿಕೆ ನಿಂತಾಗ ಸರ್ಕಾರ ಕೊನೆಯ ಒಂದಷ್ಟು ಕಾರುಗಳನ್ನು ಕೊಂಡು ಗೋದಾಮಿನಲ್ಲಿಟ್ಟು, ಬೇಕಾದಾಗ ಒಂದೊಂದೇ ಹೊರತೆಗೆದು ಬಳಸಿತು.

ಇದು ಕಾರಿನ ಒಡೆತನದ ಕತೆ. ಕಂಪನಿಯ ಒಡೆತನದ್ದು ಇನ್ನೂ ದೊಡ್ಡದು.

1968ರಲ್ಲಿ ಬ್ರಿಟಿಷ್ ಲೇಲ್ಯಾಂಡ್ ಎಂಬ ದೈತ್ಯ ಹುಟ್ಟಿತು. ರೋವರ್, ಜಾಗ್ವಾರ್, ಆಸ್ಟಿನ್ ಎಲ್ಲ ಅದರ ಹೊಟ್ಟೆಯೊಳಗೆ. ಸಾಲ, ಮುಷ್ಕರ, ಕಳಪೆ ಗುಣಮಟ್ಟದಿಂದ ಅದು ಮುಳುಗುವ ಸ್ಥಿತಿಗೆ ಬಂದಾಗ, 1975ರಲ್ಲಿ ವಿಲ್ಸನ್ ಸರ್ಕಾರ ರಾಷ್ಟ್ರೀಕರಣ ಮಾಡಿತು. ಅಂದರೆ ಕಾರೂ ಜನರ ದುಡ್ಡಿನದ್ದು, ಕಂಪನಿಯೂ ಜನರ ದುಡ್ಡಿನದ್ದು. ಸರ್ಕಾರಿ ಒಡೆತನದಲ್ಲಿ ಎಲ್ಲ ಸರಿಹೋಯಿತಾ? ಇಲ್ಲ. ವರ್ಷವರ್ಷ ಸುರಿದ ಹಣಕ್ಕೆ ತಕ್ಕ ಫಲ ಸಿಗಲಿಲ್ಲ. ಅದನ್ನು ಒಪ್ಪಿಕೊಂಡೇ ಮುಂದೆ ಹೋಗೋಣ.

1988ರಲ್ಲಿ ಥ್ಯಾಚರ್ ಸರ್ಕಾರ ರೋವರ್ ಸಮೂಹವನ್ನು ಬ್ರಿಟಿಷ್ ಏರೋಸ್ಪೇಸ್‌ಗೆ 15 ಕೋಟಿ ಪೌಂಡಿಗೆ ಮಾರಿತು. ಐದು ವರ್ಷ ಬೇರೆಯವರಿಗೆ ಮಾರಬಾರದು ಅನ್ನೋದು ಷರತ್ತು. ಆ ಅವಧಿ ಮುಗಿದ ಕೆಲವೇ ತಿಂಗಳಲ್ಲಿ, 1994ರ ಆರಂಭದಲ್ಲಿ, ಏರೋಸ್ಪೇಸ್ ತನ್ನ ಶೇ 80ರಷ್ಟು ಪಾಲನ್ನು ಜರ್ಮನಿಯ ಬಿಎಂಡಬ್ಲ್ಯೂಗೆ 80 ಕೋಟಿ ಪೌಂಡಿಗೆ ಮಾರಿತು. ಮಾರುವ ದಿನ ಸರ್ಕಾರ 'ಹೊರೆ' ಅಂದಿದ್ದು, ಕೊಂಡವರ ಕೈಯಲ್ಲಿ ಐದು ಪಟ್ಟು ಬೆಲೆ ಬಾಳಿತು.

ಬಿಎಂಡಬ್ಲ್ಯೂ ಕೂಡ ಕೈಸುಟ್ಟುಕೊಂಡಿತು. 2000ದಲ್ಲಿ ಲ್ಯಾಂಡ್ ರೋವರ್ ಅನ್ನು ಫೋರ್ಡ್‌ಗೆ ಕೊಟ್ಟು, ಲಾಂಗ್‌ಬ್ರಿಡ್ಜ್ ಕಾರ್ಖಾನೆಯ ಕಾರು ವ್ಯವಹಾರವನ್ನು ಫೀನಿಕ್ಸ್ ಎಂಬ ಗುಂಪಿಗೆ ಬಿಟ್ಟುಕೊಟ್ಟಿತು. ಬೆಲೆ ಎಷ್ಟು ಗೊತ್ತಾ? 10 ಪೌಂಡ್. 2005ರ ಏಪ್ರಿಲ್‌ನಲ್ಲಿ ಅದೂ ದಿವಾಳಿಯಾಗಿ ಸುಮಾರು 6,000 ಕಾರ್ಮಿಕರು ಬೀದಿಗೆ ಬಿದ್ದರು. ಕಂಪನಿ ನಡೆಸಿದ ಐದು ಜನ ಸಂಬಳ, ಪಿಂಚಣಿ ಅಂತ ಸುಮಾರು 4.2 ಕೋಟಿ ಪೌಂಡ್ ಪಡೆದಿದ್ದರು ಎಂದು 2009ರ ಸರ್ಕಾರಿ ತನಿಖಾ ವರದಿ ಬಯಲು ಮಾಡಿತು.

ಹಾಗಾದ್ರೆ ರೋವರ್ ಈಗ ಯಾರದ್ದು? ನಮ್ಮ ಟಾಟಾದವರದ್ದು. 2008ರಲ್ಲಿ ಫೋರ್ಡ್‌ನಿಂದ ಜಾಗ್ವಾರ್ ಮತ್ತು ಲ್ಯಾಂಡ್ ರೋವರ್ ಕೊಂಡಾಗ, ಫೋರ್ಡ್ ಬಳಿಯಿದ್ದ 'ರೋವರ್' ಹೆಸರೂ ಜೊತೆಗೇ ಬಂತು. ಥ್ಯಾಚರ್ ಕಾರು ತಯಾರಾದ ಸೋಲಿಹಲ್‌ನ ಕಾರ್ಖಾನೆಯೂ ಅವರದ್ದೇ. ಅಲ್ಲಿ ಇವತ್ತಿಗೂ ರೇಂಜ್ ರೋವರ್‌ಗಳು ತಯಾರಾಗುತ್ತವೆ. ಇತ್ತ ನಮ್ಮ ಪ್ರಧಾನಿಗಳು ಓಡಾಡಿದ ಅಂಬಾಸಡರ್‌ನ ಹೆಸರನ್ನು 2017ರಲ್ಲಿ ಫ್ರಾನ್ಸಿನ ಪೂಜೋ ಕಂಪನಿಗೆ 80 ಕೋಟಿ ರೂಪಾಯಿಗೆ ಮಾರಲಾಯಿತು. ಬ್ರಿಟಿಷರ ಹೆಸರು ನಮ್ಮಲ್ಲಿ, ನಮ್ಮದು ಫ್ರೆಂಚರಲ್ಲಿ. ಹೀಗಾಗಿ 'ವಿದೇಶಿಯರು ಕೊಂಡ್ರು' ಅಂತ ಕೂಗೋದು, ಇಲ್ಲವೇ 'ನಾವು ಕೊಂಡ್ವಿ' ಅಂತ ಎದೆಯುಬ್ಬಿಸೋದು, ಎರಡೂ ನನಗೆ ಅಷ್ಟು ಮುಖ್ಯ ಅನ್ನಿಸಲ್ಲ.

ಒಂದೇ ಕುಟುಂಬದ ಎರಡು ಕಾರ್ಖಾನೆಗಳಲ್ಲಿ ಸೋಲಿಹಲ್ ಉಳಿಯಿತು, ಲಾಂಗ್‌ಬ್ರಿಡ್ಜ್ ಮುಳುಗಿತು. ಎರಡೂ ಖಾಸಗಿಯವರ ಕೈಯಲ್ಲೇ ಇದ್ದವು. ವ್ಯತ್ಯಾಸ ಮಾಡಿದ್ದು ಕೊಂಡವರ ಹತ್ತಿರ ಹೂಡಲು ಬಂಡವಾಳ, ಮಾರಲು ಒಳ್ಳೆಯ ಮಾಡೆಲ್ ಇತ್ತಾ ಅನ್ನೋದು.

ಮುಂದಿನ ಸಲ ಯಾವುದಾದರೂ ಸಾರ್ವಜನಿಕ ಉದ್ದಿಮೆ ಮಾರಾಟದ ಸುದ್ದಿ ಬಂದಾಗ ಸರ್ಕಾರಿಯೋ ಖಾಸಗಿಯೋ ಅಂತ ಜಗಳಕ್ಕಿಳಿಯುವ ಮೊದಲು ಒಪ್ಪಂದ ಓದೋಣ. ಕೊಂಡವರು ಎಷ್ಟು ವರ್ಷಕ್ಕೆ ಮರುಮಾರಾಟ ಮಾಡಬಹುದು? ಆಗ ಲಾಭ ಬಂದರೆ ಜನರಿಗೆ ಪಾಲಿದೆಯಾ? ಮುಳುಗಿದರೆ ಕಾರ್ಮಿಕರ ಪಿಂಚಣಿಗೆ ಹೊಣೆ ಯಾರು? ಲಾಂಗ್‌ಬ್ರಿಡ್ಜ್‌ನ ಆರು ಸಾವಿರ ಜನರಿಗೆ ಈ ಪ್ರಶ್ನೆಗಳ ಬೆಲೆ ಗೊತ್ತಾಗಿದ್ದು ಗೇಟಿಗೆ ಬೀಗ ಬಿದ್ದ ಮೇಲೆ.